ಖಾಲಿ ಮೊಳೆ

ಆ ಬೆಳಿಗ್ಗೆ ಮಳೆ ಎನ್ನುವಂಥ ಮಳೆಯೇನೂ ಇರಲಿಲ್ಲ. ಮೇಲೆ ಯಾರೋ ಜರಡಿ ಹಿಡಿದು ಕೂತ ಹಾಗೆ ಸಣ್ಣಗೆ ಉದುರುತ್ತಿತ್ತು. ಛತ್ರಿ ಬಿಚ್ಚಿದರೆ ನಾಚಿಕೆ, ಬಿಚ್ಚದಿದ್ದರೆ ಅಂಗಿ ಒದ್ದೆ. ಗಾಳಿ ಅಲ್ಲಾಡುತ್ತಿರಲಿಲ್ಲ. ಗೋಡೆ, ಬಾಗಿಲ ಹಿಡಿ, ಕಿಟಕಿಯ ಗಾಜು ಎಲ್ಲವೂ ಜ್ವರ ಬಿಟ್ಟವರಂತೆ ಬೆವೆತಿದ್ದವು. ಇಂಥ ತೇವದ ದಿನ ಅಕ್ಕ ಮನೆಗೆಲಸವನ್ನೆಲ್ಲ ಮುಗಿಸಿ, ಸಾವಕಾಶವಾಗಿ ಹನ್ನೊಂದಕ್ಕೆ ಅಂಗಡಿಗೆ ಬರುತ್ತಾಳೆ ಎಂಬುದು ನನಗೆ ಗೊತ್ತಿತ್ತು. ನನಗೆ ಗೊತ್ತು ಎಂದುಕೊಂಡದ್ದರಿಂದಲೇ ಆ ದಿನದ ತಪ್ಪು ನಡೆಯಿತು.

ಅಕ್ಕ ಮತ್ತು ಭಾವನದು ರಿಪೇರಿ ಅಂಗಡಿ. ಗಿಟಾರಿಗೆ ಹಾಕುವ ಆಂಪ್ಲಿಫೈಯರುಗಳು, ಅದರಲ್ಲೂ ಗಾಜಿನ ವಾಲ್ವು ಇರುವ ಹಳೆಯ ಬಗೆಯವು, ಅವರ ಕಸುಬು. ಆ ವಾಲ್ವುಗಳು ಹೊತ್ತಿಕೊಂಡಾಗ ನೋಡಬೇಕು. ಒಳಗೊಂದು ಕೆಂಪು ಗೆರೆ ಮೆಲ್ಲಗೆ ಕಣ್ಣು ಬಿಡುತ್ತದೆ, ದೇವರ ಮುಂದಿನ ದೀಪದಷ್ಟೇ ಮೆತ್ತಗೆ. ಅಷ್ಟು ಸಾಧುವಾಗಿ ಕಾಣುವ ಬೆಳಕಿನ ಹಿಂದೆ ನಾನ್ನೂರು ವೋಲ್ಟು ಅಡಗಿ ಕೂತಿರುತ್ತದೆಂದು ನೋಡಿದವರು ಯಾರೂ ಹೇಳಲಾರರು. ಅದಕ್ಕಿಂತ ಹೆದರಿಕೆಯ ಸಂಗತಿ ಇನ್ನೊಂದಿದೆ. ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತು ಪಕ್ಕಕ್ಕಿಟ್ಟರೂ ಆ ಕರೆಂಟು ಹೋಗಿಬಿಡುವುದಿಲ್ಲ. ಒಳಗಿನ ಕಂಡೆನ್ಸರುಗಳಲ್ಲಿ, ಹಂಡೆಯಲ್ಲಿ ನೀರು ನಿಂತ ಹಾಗೆ, ಗಂಟೆಗಟ್ಟಲೆ ನಿಂತಿರುತ್ತದೆ. ಸದ್ದಿಲ್ಲ, ಬಿಸಿಯಿಲ್ಲ, ಬೆಳಕಿಲ್ಲ. ಮುಟ್ಟಿದವನಿಗೆ ಮಾತ್ರ ತಿಳಿಯುತ್ತದೆ, ತಿಳಿಯುವಷ್ಟು ಹೊತ್ತು ಅವನು ಉಳಿದಿದ್ದರೆ.

ಹಾಗೆ ಉಳಿಯದೆ ಹೋದವರೇ ಆ ಅಂಗಡಿಯ ಮೊದಲ ಯಜಮಾನರು. ಅಕ್ಕ, ಭಾವ ಇಬ್ಬರಿಗೂ ಕಸುಬು ಕಲಿಸಿದ ಅವರನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದರು. ಒಂದು ದಿನ ಇನ್ನೊಬ್ಬ ಕೆಲಸಗಾರ ಪರೀಕ್ಷೆ ಮಾಡಿ ಬಿಟ್ಟುಹೋಗಿದ್ದ ಯಂತ್ರಕ್ಕೆ, ಅವನು ಖಾಲಿ ಮಾಡಿಯೇ ಹೋಗಿದ್ದಾನೆಂದು ನಂಬಿ, ದೊಡ್ಡಪ್ಪ ಕೈ ಹಾಕಿದರು. ಅಕ್ಕ ಆಗ ಪಕ್ಕದ ಕುರ್ಚಿಯಲ್ಲಿದ್ದಳು.

ಮೂರನೆಯ ದಿನ ಭಾವ ಮೇಜಿನ ಎದುರಿನ ಗೋಡೆಗೆ ಕೂತವರ ಕಣ್ಣಿನ ಮಟ್ಟದಲ್ಲಿ ಒಂದು ಮೊಳೆ ಹೊಡೆದರು. ಅಂಗಡಿಯಲ್ಲಿ ಒಂದು ವೈರು ಇತ್ತು: ಎರಡು ತುದಿಗೂ ಮೊಸಳೆ ಬಾಯಿಯಂಥ ಕ್ಲಿಪ್ಪು, ನಡುವೆ ಹೆಬ್ಬೆರಳ ದಪ್ಪದ ರೆಸಿಸ್ಟರು. ಒಂದು ಕ್ಲಿಪ್ಪನ್ನು ಯಂತ್ರದ ಲೋಹದ ಮೈಗೂ ಇನ್ನೊಂದನ್ನು ಕಂಡೆನ್ಸರಿಗೂ ಕಚ್ಚಿಸಿದರೆ ನಿಂತ ಕರೆಂಟೆಲ್ಲ ಮೆಲ್ಲಗೆ ಇಳಿದುಹೋಗುತ್ತದೆ. ಇಳಿಸುವ ವೈರು ಎಂದೇ ಅದರ ಹೆಸರು. ಕೆಲಸ ಮುಗಿಯುವತನಕ ಅದನ್ನು ಯಂತ್ರದಲ್ಲೇ ಕಚ್ಚಿಸಿ ಬಿಡಬೇಕು, ಯಾಕೆಂದರೆ ಖಾಲಿಯಾದ ಕಂಡೆನ್ಸರು ಸುಮ್ಮನೆ ಬಿಟ್ಟರೆ ತನ್ನಷ್ಟಕ್ಕೆ ತಾನು ಸ್ವಲ್ಪ ತುಂಬಿಕೊಳ್ಳುತ್ತದೆ. ಭಾವ ಆ ವೈರನ್ನು ಮೊಳೆಗೆ ನೇತುಹಾಕಿ ಅಂಗಡಿಯ ಕಾನೂನು ಹೇಳಿದರು. ವೈರು ಮೊಳೆಯ ಮೇಲಿದ್ದರೆ ಮೇಜಿನ ಮೇಲಿನ ಯಂತ್ರದಲ್ಲಿ ಜೀವ ಇದೆ, ಮುಟ್ಟಕೂಡದು. ಮೊಳೆ ಖಾಲಿ ಇದ್ದರೆ ವೈರು ಯಂತ್ರದ ಒಳಗಿದೆ, ಕೈ ಹಾಕಬಹುದು. ಚೀಟಿ ಬೇಡ, ಮಾತು ಬೇಡ. ಒಬ್ಬರು ಬಿಟ್ಟ ಕೆಲಸವನ್ನು ಇನ್ನೊಬ್ಬರು ಮೊಳೆ ನೋಡಿಯೇ ಎತ್ತಿಕೊಳ್ಳುವುದು. ಇಪ್ಪತ್ತೊಂದು ವರ್ಷ ಹಾಗೇ ನಡೆದಿತ್ತು. ಅಕ್ಕನಿಗಂತೂ ಅದೊಂದು ಜಪದ ಹಾಗೆ ಆಗಿಹೋಗಿತ್ತು. ಪ್ರತಿ ಬೆಸುಗೆಗೂ ಮೊದಲು ತಲೆಯೆತ್ತಿ ಮೊಳೆ ನೋಡುವುದು, ಕರೆಂಟು ತಾಗಿದರೂ ಎದೆ ಹಾಯದಂತೆ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುವುದು, ಬಲಗೈ ಒಳಗೆ ಬಿಡುವುದು.

ನಾನು ಆ ಕಸುಬಿನವನಲ್ಲ. ನಾನು ಬಾರಿಸುವವನು. ನಮ್ಮ ಬಡಾವಣೆಯ ಪ್ರಾರ್ಥನಾ ಮಂದಿರದಲ್ಲಿ ವಾರಕ್ಕೊಮ್ಮೆ ಹಾಡುವವರ ಹಿಂದೆ ಕೂತು ಗಿಟಾರು ನುಡಿಸುತ್ತೇನೆ. ಭಾವನ ಬಾಯಲ್ಲಿ ನಾನು ವಿದ್ವಾಂಸರು. ನಾನು ತಾಳಕ್ಕಿಂತ ಅರ್ಧ ಹೆಜ್ಜೆ ಮುಂದೆ ಓಡುತ್ತೇನೆಂದು ಅಕ್ಕನ ಹಳೆಯ ದೂರು. ಹಿಂದಿನ ತಿಂಗಳು ನಾನು ಸ್ಪೀಕರಿನ ತಂತಿ ಜೋಡಿಸದೆ ಮಂದಿರದ ಆಂಪು ಹಾಕಿ, ಅದರ ಟ್ರಾನ್ಸ್‌ಫಾರ್ಮರು ಸುಟ್ಟುಹಾಕಿದ್ದೆ. ವಾಲ್ವಿನ ಆಂಪನ್ನು ಸ್ಪೀಕರಿಲ್ಲದೆ ಹಾಕಬಾರದೆಂದು ಅಕ್ಕ ಎಷ್ಟು ಸಲ ಹೇಳಿದ್ದಳೋ. ಅವಳು ಅದನ್ನು ಸರಿಮಾಡಿಕೊಟ್ಟಳು, ಆದರೆ ವಾರಪೂರ್ತಿ ಬಂದ ಗಿರಾಕಿಗಳಿಗೆಲ್ಲ ಆ ಕಥೆ ಹೇಳಿ ನಗಿಸಿದಳು. ನಾನೂ ನಕ್ಕೆ. ಒಳಗೊಂದು ಮುಳ್ಳು ಮುರಿದು ಉಳಿದಿತ್ತು.

ಆ ಬೆಳಿಗ್ಗೆ ಹತ್ತಕ್ಕೆ ಪ್ರಾರ್ಥನೆ. ಹಿಂದಿನ ಸಂಜೆ ಅಭ್ಯಾಸದಲ್ಲಿ ಆಂಪು ಇದ್ದಕ್ಕಿದ್ದಂತೆ ಕರಕರ ಎಂದು ಮೂಕವಾಗಿತ್ತು. ಗಿಟಾರಿನ ಪಿನ್ನು ಸಿಕ್ಕಿಸುವ ತೂತಿನ ಹಿಂದೆ ತಂತಿಯ ಬೆಸುಗೆ ಬಿಟ್ಟಿರಬೇಕು ಎಂದು ನನಗೇ ಅನ್ನಿಸಿತ್ತು. ಭಾವನನ್ನು ಕರೆಯೋಣವೆಂದು ಒಂಬತ್ತಕ್ಕೆ ಅಂಗಡಿಗೆ ಹೋದರೆ, ಅವರು ಹೆಗಲಿಗೆ ಚೀಲ ಹಾಕಿಕೊಂಡು ಹೊಸ್ತಿಲ ಮೇಲಿದ್ದರು. ಬೇರೆ ಊರಿಂದ ಯಾವುದೋ ಬಿಡಿಭಾಗ ತರಬೇಕಿತ್ತು, ಬಸ್ಸಿಗೆ ಹೊತ್ತಾಗಿತ್ತು. ನಾಳೆ ತಾ, ನೋಡೋಣ ಎಂದರು. ಬೀಗದ ಕೈ ನನ್ನ ಕೈಗಿಟ್ಟು, ಹಾಕಿಕೊಂಡು ಹೋಗಿ ಮಾಮೂಲಿ ಜಾಗದಲ್ಲಿಡು ಎಂದರು. ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು.

"ಮೇಜಿನ ಮೇಲಿರೋದನ್ನ ಮುಟ್ಟಬೇಡಿ ವಿದ್ವಾಂಸರೇ. ವಾಲ್ವೆಲ್ಲ ಕಿತ್ತು ವೋಲ್ಟೇಜು ನೋಡಿ ಹಾಗೇ ಬಿಟ್ಟಿದೀನಿ. ತುಂಬಿದೆ. ವೈರು ಮೊಳೆ ಮೇಲಿದೆ, ನೋಡಿ."

ನೋಡಿದೆ. ವೈರು ಮೊಳೆಯ ಮೇಲಿತ್ತು. ಭಾವ ಮೂಲೆ ತಿರುಗಿದ ಮೇಲೂ ನಾನು ಅದನ್ನೇ ನೋಡುತ್ತ ನಿಂತಿದ್ದೆ. ಒಂದು ಬೆಸುಗೆ, ಐದು ನಿಮಿಷದ ಕೆಲಸ. ಅವರು ಮಾಡುವುದನ್ನು ನೂರು ಸಲ ನೋಡಿದ್ದೇನೆ. ನಾನೇ ಸರಿಮಾಡಿ ನುಡಿಸಿ ಬಂದು ಅಕ್ಕನಿಗೆ ಹೇಳಿದರೆ ಅವಳ ಮುಖ ಹೇಗಾಗಬಹುದು ಎಂಬ ಯೋಚನೆಯೇ ಸಿಹಿಯಾಗಿತ್ತು. ಖಾಲಿ ಮಾಡದೆ ಮುಟ್ಟಬಾರದೆಂಬಷ್ಟು ಬುದ್ಧಿ ನನಗಿತ್ತು. ಸೋಲ್ಡರಿಂಗ್ ಐರನ್ನು, ಮೀಟರುಗಳಲ್ಲೊಂದು ತೆಗೆದುಕೊಂಡೆ. ಕೈ ಚಾಚಿ ವೈರನ್ನೂ ತೆಗೆದು ಒಳಜೇಬಿಗೆ ಹಾಕಿಕೊಂಡೆ. ಹನ್ನೊಂದರೊಳಗೆ ತಂದು ಹಾಕಿದರಾಯಿತು.

ಮಂದಿರದಲ್ಲಿ ಯಾರೂ ಇರಲಿಲ್ಲ. ಬೆಂಚುಗಳ ನಡುವೆ ಆಂಪನ್ನು ಮಲಗಿಸಿ, ಪ್ಲಗ್ಗು ಕಿತ್ತಿದೆಯೆಂದು ಎರಡು ಸಲ ನೋಡಿ, ಹಿಂದಿನ ಹಲಗೆಯ ತಿರುಪು ಬಿಚ್ಚಿದೆ. ಪೆಟ್ಟಿಗೆ ಈಚೆ ಎಳೆದಾಗ ಒಳಗಿನ ಧೂಳಿನ ವಾಸನೆ, ಸುಟ್ಟ ಮೇಣದಂಥ ವಾಸನೆ ಮುಖಕ್ಕೆ ಬಡಿಯಿತು. ಆಗ ನನಗೆ ನಿಜವಾಗಿ ಹೆದರಿಕೆ ಆಯಿತು. ಬಣ್ಣಬಣ್ಣದ ಗೆರೆಗಳ ಪುಟ್ಟ ಪುಟ್ಟ ಕಾಯಿಗಳು, ಅವುಗಳ ನಡುವೆ ಬೆರಳ ದಪ್ಪದ ಕಂಡೆನ್ಸರುಗಳು ಸಾಲಾಗಿ ಮಲಗಿದ್ದವು. ಯಾವುದೂ ನನ್ನನ್ನು ನೋಡುತ್ತಿರಲಿಲ್ಲ, ಆದರೂ ಎಲ್ಲವೂ ಕಾಯುತ್ತಿರುವ ಹಾಗಿತ್ತು. ಎಡಗೈ ಬೆನ್ನಿಗೆ ಹಚ್ಚಿದೆ. ದೇವರೇ ಎಂದೆ. ಕಚ್ಚಿಸುವಾಗ ಕ್ಲಿಪ್ಪು ಎರಡು ಸಲ ಜಾರಿತು. ರಾತ್ರಿಯೆಲ್ಲ ಆರಿಸಿಟ್ಟಿದ್ದ ಯಂತ್ರ, ಮೀಟರಿನ ಅಂಕಿ ಮೂವತ್ತರಿಂದ ಇಪ್ಪತ್ತಕ್ಕೆ, ಹತ್ತಕ್ಕೆ, ಎರಡಕ್ಕೆ ಇಳಿಯಿತು, ಆಮೇಲೆ ಸೊನ್ನೆ. ಇಷ್ಟೇನಾ ಎನ್ನಿಸಿತು. ಬಿಟ್ಟಿದ್ದ ತಂತಿ ಹುಡುಕಿ ಬೆಸುಗೆ ಹಾಕಿದೆ. ನನ್ನ ಬೆಸುಗೆ ಅಕ್ಕನದರಂತೆ ಹೊಳೆಯಲಿಲ್ಲ, ಜಗಿದು ಉಗಿದ ಹಾಗಿತ್ತು, ಆದರೆ ಹಿಡಿದಿತ್ತು.

ಟೈಲರ್ ತಾತ ಛತ್ರಿ ಕೊಡವುತ್ತ ಒಳಗೆ ಬಂದರು. ಮಂದಿರದ ನೆಲ ಗುಡಿಸುವುದು, ದೀಪ ಹಚ್ಚುವುದು, ಬೆಂಚು ಒರೆಸುವುದು ಎಲ್ಲ ಅವರ ಸೇವೆ. ನನ್ನನ್ನೂ ಬಿಚ್ಚಿ ಹರಡಿದ ಯಂತ್ರವನ್ನೂ ನೋಡಿ, ಏನಪ್ಪಾ ಆಪರೇಷನ್ನು ಎಂದು ನಕ್ಕರು. ಆಮೇಲೆ ಬೆಂಚು ಒರೆಸುತ್ತ, ಏನೂ ಅಲ್ಲದ ಮಾತಿನಂತೆ ಹೇಳಿದರು.

"ನಿಮ್ಮಕ್ಕ ಇವತ್ತು ಬೇಗ ಹೊರಟಿದಾರೆ. ದಾರೀಲಿ ಸಿಕ್ಕಿದ್ರು. ಯಾರದ್ದೋ ಮೆಷಿನ್ನು ಮಧ್ಯಾಹ್ನಕ್ಕೆ ಬೇಕಂತಲ್ಲ."

ನಾನು ಹೌದಾ ಎಂದೆ. ನನ್ನ ಕಣ್ಣು ಯಂತ್ರದ ಒಳಗಿತ್ತು. ಅಲ್ಲಿ ವೈರು ಕಚ್ಚಿಕೊಂಡಿತ್ತು. ವೈರು ಒಳಗಿದೆ, ಕೈ ಹಾಕಬಹುದು ಎಂದುಕೊಂಡೆ, ಸುಮ್ಮನೆ, ಪಾಠ ಒಪ್ಪಿಸುವವನ ಹಾಗೆ. ಮರುಕ್ಷಣ ಆ ಪಾಠದ ಉಳಿದರ್ಧ ನೆನಪಾಯಿತು.

ಮೊಳೆ ಖಾಲಿ ಇದ್ದರೆ ಕೈ ಹಾಕಬಹುದು.

ನಾನು ಅಂಗಡಿಯಿಂದ ತಂದದ್ದು ಒಂದು ತಂತಿ ಎಂದುಕೊಂಡಿದ್ದೆ. ಅದು ತಂತಿಯಲ್ಲ, ಭಾವ ಅಕ್ಕನಿಗೆ ಬಿಟ್ಟುಹೋದ ಮಾತು. ಮುಟ್ಟಬೇಡ ಎಂಬ ಮಾತನ್ನು ಗೋಡೆಯಿಂದ ಇಳಿಸಿ ಜೇಬಿಗೆ ಹಾಕಿಕೊಂಡಿದ್ದೆ, ಅದರ ಜಾಗದಲ್ಲಿ ಮುಟ್ಟು ಎಂಬ ಮಾತನ್ನು ನೇತುಹಾಕಿ ಬಂದಿದ್ದೆ.

ಎಷ್ಟು ಹೊತ್ತಾಯಿತು ತಾತ, ಎಂದು ಕೇಳಿದೆ. ಕಾಲು ಗಂಟೆ ಇರಬಹುದು ಎಂದರು. ಅಕ್ಕ ನಿಧಾನ ನಡೆಯುವವಳಲ್ಲ. ಫೋನು ತೆಗೆದು ಅವಳ ನಂಬರು ಒತ್ತಿದೆ. ಒಂದು ಸಲ ಗಂಟೆ ಹೋಯಿತು. ಎರಡನೆಯದು ಹೋಗುವಷ್ಟರಲ್ಲಿ ಬೆಂಕಿ ಮುಟ್ಟಿದವನ ಹಾಗೆ ಕಿತ್ತು ಆರಿಸಿದೆ. ತೆರೆದ ಯಂತ್ರದ ಮುಂದೆ ಅಕ್ಕ ಫೋನು ಎತ್ತುವುದಿಲ್ಲ, ಡ್ರಾಯರಿನಲ್ಲಿ ಹಾಕಿರುತ್ತಾಳೆ. ಅವಳ ಕೈ ಆಗಲೇ ಒಳಗಿದ್ದರೆ? ಡ್ರಾಯರು ಗುರ್ರೆಂದು ಅದುರಿ ಅವಳು ಬೆಚ್ಚಿಬಿದ್ದರೆ? ಸುಮ್ಮನಿದ್ದರೂ ಕೊಲ್ಲುತ್ತೇನೆ, ಕರೆದರೂ ಕೊಲ್ಲುತ್ತೇನೆ ಎನ್ನುವಂತಾಯಿತು.

ವೈರು ಕಿತ್ತುಕೊಂಡೆ. ಇದನ್ನ ಯಾರೂ ಮುಟ್ಟಬಾರದು ಎಂದು ತಾತನಿಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ, ಹೇಳಿದ್ದೆನೆಂದು ಅವರು ಆಮೇಲೆ ಅಂದರು. ಓಡಿದೆ.

ಓಡುವಾಗ ಪ್ರಾರ್ಥನೆ ಮಾಡಬೇಕೆಂದುಕೊಂಡರೆ ಇಷ್ಟು ವರ್ಷ ನುಡಿಸಿದ ಹಾಡುಗಳಲ್ಲಿ ಒಂದು ಸಾಲೂ ಬಾಯಿಗೆ ಬರಲಿಲ್ಲ. ಕೈ ಒರೆಸು, ಅಕ್ಕ, ಕೈ ಒರೆಸು ಎಂಬುದೊಂದೇ ಬರುತ್ತಿತ್ತು. ತೇವದ ದಿನ ಅವಳು ಅಂಗೈಯನ್ನು ಮೂರು ಸಲ ಒರೆಸಿಕೊಳ್ಳದೆ ಕೆಲಸಕ್ಕೆ ಕೂರುವುದಿಲ್ಲ. ಒಂದು ಸಲ ಬಟ್ಟೆಗೆ, ಒಂದು ಸಲ ಕಾಗದಕ್ಕೆ, ಕೊನೆಗೆ ದೀಪದ ಬಿಸಿಗೆ. ಆ ಮೂರು ಒರೆಸುವಿಕೆಯನ್ನು ನಾನು ಎಷ್ಟು ಆಡಿಕೊಂಡಿದ್ದೆನೋ, ಇವತ್ತು ಅದರ ಮೇಲೇ ನನ್ನ ಜೀವ ನಿಂತಿತ್ತು. ಅಂಚೆ ಕಚೇರಿಯ ಮುಂದೆ ಕಾಲು ಜಾರಿ ಮಂಡಿ ತರಚಿತು. ಬ್ರೆಡ್ಡಿನ ಅಂಗಡಿಯವನು ಏನೋ ಕೂಗಿದ. ಸೈಕಲ್ಲಿನವನೊಬ್ಬ ಬೈದ. ಎಡಗೈಯಿಂದ ಎದೆಯ ಜೇಬನ್ನು ಒತ್ತಿ ಹಿಡಿದೇ ಓಡಿದೆ, ವೈರು ನೆನೆಯಬಾರದೆಂದು.

ನಮ್ಮ ತಾಯಿ ಹೋಗುವಾಗ ಅಕ್ಕನಿಗೆ ಹದಿನಾರು, ನನಗೆ ಏಳು. ನನ್ನ ಶರಟಿಗೆ ಗುಂಡಿ ಹಾಕಿ, ತಲೆ ಬಾಚಿ, ಶಾಲೆಗೆ ಬಿಟ್ಟು ಬಂದವಳು ಅವಳೇ. ಮೊದಲ ಗಿಟಾರು ಕೊಡಿಸಿದವಳೂ ಅವಳೇ. ಅವಳಿಲ್ಲದ ಮನೆ ಹೇಗಿರುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ಆ ಓಟದಲ್ಲಿ ಯೋಚಿಸಿದೆ. ಪ್ರತಿ ತಿರುವಿನಲ್ಲೂ ಯೋಚಿಸಿದೆ.

ಅಂಗಡಿಯ ಬಾಗಿಲಿಗೆ ಗಿರಾಕಿ ಬಂದದ್ದು ತಿಳಿಯಲೆಂದು ಒಂದು ಪುಟ್ಟ ಗಂಟೆ ಕಟ್ಟಿದೆ. ಹಿಡಿಗೆ ಕೈ ಹಾಕಿದವನಿಗೆ ಅದು ನೆನಪಾಯಿತು. ಬಾಗಿಲ ಗಾಜಿನಲ್ಲಿ ಬಗ್ಗಿ ನೋಡಿದೆ.

ಅಕ್ಕ ಎತ್ತರದ ಸ್ಟೂಲಿನ ಮೇಲೆ, ನನಗೆ ಓರೆಯಾಗಿ ಬೆನ್ನು ಹಾಕಿ ಕೂತಿದ್ದಳು. ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. ಎಡಗೈ ಬೆನ್ನ ಹಿಂದೆ. ಬಲಗೈ ಯಂತ್ರದ ಒಳಗೆ.

ಜೀವ ಇತ್ತು. ಬೆರಳುಗಳು ಅಲ್ಲಾಡುತ್ತಿದ್ದವು. ಯಂತ್ರದ ಈಚೆ ಬದಿಯಲ್ಲಿ, ಕರೆಂಟು ಕಡಿಮೆ ಇರುವ ಕಡೆ, ಯಾವುದೋ ತಂತಿಯನ್ನು ಇಕ್ಕಳದಲ್ಲಿ ಬಗ್ಗಿಸುತ್ತಿದ್ದಳು. ಕ್ಲಿಪ್ಪು ಕಚ್ಚುವ ಜಾಗ ಆಚೆ ಮೂಲೆಯಲ್ಲಿ, ಟ್ರಾನ್ಸ್‌ಫಾರ್ಮರಿನ ಹಿಂದೆ, ಅದು ಕೂತವರಿಗೆ ಕಾಣುವುದಿಲ್ಲ. ಕಂಡೆನ್ಸರುಗಳ ಸಾಲು ಅವಳ ಹೆಬ್ಬೆರಳಿಗೆ ನಾಲ್ಕು ಅಂಗುಲ ದೂರವಿತ್ತು.

ಕೂಗಿದರೆ ಬೆಚ್ಚಿಬೀಳುತ್ತಾಳೆ. ಬೆಚ್ಚಿಬಿದ್ದರೆ ಕೈ ಎಲ್ಲಿ ಬೀಳುತ್ತದೋ ದೇವರಿಗೇ ಗೊತ್ತು. ಬಾಗಿಲನ್ನು ಒಂದು ಬೆರಳಷ್ಟು ತೆರೆದು, ಸಂದಿಯಲ್ಲಿ ಕೈ ತೂರಿಸಿ, ಗಂಟೆಯ ನಾಲಿಗೆಯನ್ನು ಹಿಡಿದುಕೊಂಡೆ. ಅದರ ತಣ್ಣನೆಯ ಕಬ್ಬಿಣ ಇವತ್ತಿಗೂ ನನ್ನ ಬೆರಳಲ್ಲಿದೆ. ಮೈ ಓರೆ ಮಾಡಿ ಒಳಗೆ ಬಂದೆ. ಚಪ್ಪಲಿ ಹೊರಗೇ ಬಿಟ್ಟೆ. ಗಂಟೆಯನ್ನು ಹೂ ಇಳಿಸುವ ಹಾಗೆ ಇಳಿಸಿದೆ. ಅಕ್ಕ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ನಾನು ಅಂದು ಹತ್ತಕ್ಕೆ ನುಡಿಸಬೇಕಿದ್ದ ಹಾಡೇ ಅದು.

ಈ ಕೆಲಸ ಮುಗಿದರೆ ಅವಳು ಮುಂದಿನ ಬೆಸುಗೆಗೆ ಹೋಗುತ್ತಾಳೆ. ಹೋಗುವ ಮೊದಲು ತಲೆಯೆತ್ತುತ್ತಾಳೆ. ಆ ಹೊತ್ತಿಗೆ ಮೊಳೆಯ ಮೇಲೆ ವೈರು ಇರಬೇಕು. ನನಗೆ ತಿಳಿದದ್ದು ಅಷ್ಟೇ. ಬಾಯಿಯಿಂದ ಹೇಳಲಾಗದ್ದನ್ನು ಹೇಳಲು ಆ ಅಂಗಡಿಯಲ್ಲಿ ಇದ್ದದ್ದು ಅದೊಂದೇ ಭಾಷೆ.

ಕಪಾಟಿಗೆ ಬೆನ್ನು ಹಚ್ಚಿ ಗೋಡೆಯ ಗುಂಟ ಸರಿದೆ. ಐದು ಹೆಜ್ಜೆ. ಕೂದಲಿಂದ ನೀರು ತೊಟ್ಟಿಕ್ಕಿ ನೆಲಕ್ಕೆ ಬೀಳುವ ಸದ್ದು ನನಗೆ ಕೇಳುತ್ತಿತ್ತು, ಅವಳಿಗೂ ಕೇಳೀತೆಂದು ತಲೆಯನ್ನು ಭುಜಕ್ಕೆ ಒತ್ತಿಕೊಂಡೆ. ಮೂರನೆಯ ಹೆಜ್ಜೆಗೆ ಅವಳ ಗುನುಗು ನಿಂತಿತು. ನಾನು ಎತ್ತಿದ ಕಾಲನ್ನು ಹಾಗೇ ಹಿಡಿದೆ. ಅವಳು ಇಕ್ಕಳ ಕೆಳಗಿಟ್ಟು, ಕಟರು ಎತ್ತಿಕೊಂಡು, ಮತ್ತೆ ಗುನುಗಲು ಶುರುಮಾಡಿದಳು. ನಾಲ್ಕು. ಐದು. ಕಪಾಟಿನ ಮರೆಯಿಂದ ಕೈ ಚಾಚಿದೆ. ಇಪ್ಪತ್ತು ನಿಮಿಷದ ಹಿಂದೆ ಎರಡು ಸಲ ಜಾರಿದ ಕ್ಲಿಪ್ಪು ಆಗ ಜಾರಲಿಲ್ಲ. ನನ್ನ ಕೈಯನ್ನು ಯಾರು ಹಿಡಿದುಕೊಂಡಿದ್ದರೋ ನಾನು ಬಲ್ಲೆ. ವೈರು ಮೊಳೆಯ ಮೇಲೆ ಕೂತಿತು. ಕ್ಲಿಪ್ಪು ಗೋಡೆಗೆ ಟಕ್ ಎಂದು ತಾಗಿತು, ಗಡಿಯಾರದ ಸದ್ದಿನಷ್ಟು.

ಅಕ್ಕ ಕಟರನ್ನು ಕಂಡೆನ್ಸರುಗಳ ಕಡೆ ಒಯ್ಯುತ್ತ, ರೂಢಿಯಂತೆ ತಲೆಯೆತ್ತಿ ಮೊಳೆ ನೋಡಿದಳು.

ಕೈ ಗಾಳಿಯಲ್ಲೇ ನಿಂತಿತು. ಅವಳು ನನ್ನನ್ನು ನೋಡಲಿಲ್ಲ, ವೈರನ್ನೇ ನೋಡುತ್ತಿದ್ದಳು. ಹಾವಿರುವ ಬಿಲದಿಂದ ಕೈ ತೆಗೆಯುವವರ ಹಾಗೆ, ಎಲ್ಲೂ ತಾಗಿಸದೆ, ಬೆರಳುಗಳನ್ನು ಒಂದೊಂದಾಗಿ ಕೂಡಿಸಿಕೊಂಡು, ಬಲಗೈ ಹೊರಗೆ ತಂದಳು. ಕಟರನ್ನು ಮೇಜಿನ ಮೇಲಿಟ್ಟಳು. ಆಮೇಲೆ ಮೀಟರು ಎಳೆದುಕೊಂಡು, ಅದರ ಕಡ್ಡಿಯನ್ನು ತಾನು ಮುಟ್ಟಲಿದ್ದ ಜಾಗಕ್ಕೆ ಇಟ್ಟಳು.

"ನಾನ್ನೂರ ಹನ್ನೆರಡು" ಎಂದಳು, ಯಾರಿಗೂ ಅಲ್ಲ.

ನಾನು ಕಪಾಟಿನ ಬುಡದಲ್ಲಿ ಕೂತೆ. ಹೇಳಬೇಕಾದದ್ದನ್ನೆಲ್ಲ ಹೇಳಿದೆ: ಮಂದಿರದ ಆಂಪು, ಭಾವನ ಮಾತು, ನನ್ನ ಹಮ್ಮು, ಟೈಲರ್ ತಾತ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಮಧ್ಯದಲ್ಲಿ ಒಂದೇ ಒಂದು ಸಲ ಮಾತಾಡಿದಳು.

"ಕೂಗಲಿಲ್ಲ ಯಾಕೆ?"

"ಬೆಚ್ಚಿಬೀಳ್ತೀಯ ಅಂತ."

ಅವಳು ಕನ್ನಡಕ ತೆಗೆದು ಸೆರಗಿನಷ್ಟು ಮೆತ್ತಗಿನ ಹಳೆಯ ಬಟ್ಟೆಯಲ್ಲಿ ಒರೆಸಿದಳು. ಕನ್ನಡಕ ಒರೆಸಿ, ಕಣ್ಣೂ ಒರೆಸಿಕೊಂಡಳು. "ಹುಟ್ಟಿದಾಗಿನಿಂದ ಇವತ್ತೊಂದು ದಿನ ತಾಳಕ್ಕೆ ಸರಿಯಾಗಿ ಬಂದೆ ಕಣೋ" ಎಂದಳು. ನಗಲು ಹೋದವಳ ತುಟಿ ಒಂದು ಕಡೆಗೆ ಸೊಟ್ಟಗಾಗಿ ಹಾಗೇ ನಿಂತಿತು. ಆಮೇಲೆ, ದೊಡ್ಡಪ್ಪ ಕೂರುತ್ತಿದ್ದ ಜಾಗ ನೋಡುತ್ತ ಅಂದಳು: "ನಾನೂ ಅಳೀಬೇಕಿತ್ತು. ಮೀಟರು ಕೈಗೆ ಸಿಗೋ ಹಾಗೇ ಇತ್ತು. ಮೊಳೆ ನೋಡಿದೆ, ಸಾಕು ಅಂದ್ಕೊಂಡೆ."

ನಾನು ಬೈಗುಳಕ್ಕೆ ಕಾದೆ. ಬರಲಿಲ್ಲ. ಹೊರಗೆ ಸೂರಿನಿಂದ ಹನಿ ಬೀಳುತ್ತಿತ್ತು. ಮಂದಿರದ ಕಡೆಯಿಂದ ಮೊದಲ ಹಾಡು ಕೇಳಿಸಿತು, ಗಿಟಾರಿಲ್ಲದೆ, ಬರೀ ಕಂಠದಲ್ಲಿ. ನಾನಿಲ್ಲದೆಯೂ ಚೆನ್ನಾಗಿತ್ತು.

ಅಕ್ಕ ಕನ್ನಡಕ ಹಾಕಿಕೊಂಡು ಯಂತ್ರದ ಕಡೆ ತಿರುಗಿದಳು. ಎಡಗೈ ಬೆನ್ನ ಹಿಂದೆ ಹೋಯಿತು. ಬಲಗೈಯನ್ನು ನನ್ನ ಕಡೆಗೆ ಅಂಗೈ ಮೇಲಾಗಿ ಚಾಚಿದಳು, ತಿರುಗಿ ನೋಡಲಿಲ್ಲ. ನಾನು ಎದ್ದು ಮೊಳೆಯಿಂದ ವೈರನ್ನು ಇಳಿಸಿದೆ. ಎರಡೂ ಕ್ಲಿಪ್ಪುಗಳನ್ನು ಒಂದು ಸಲ ಬಟ್ಟೆಗೆ, ಒಂದು ಸಲ ಕಾಗದಕ್ಕೆ ಒರೆಸಿ, ದೀಪದ ಬಿಸಿಗೆ ಹಿಡಿದು, ಅವಳ ಅಂಗೈಯಲ್ಲಿಟ್ಟೆ.